ಉಡುಗೊರೆಯ ಪರ್ಸಿಗೆ ಗುಳೇದಗುಡ್ಡದ ಖಣ: ಹೊರಮೈಗೆ ಸೈ, ಒಳಗಿನ ಕೆಲಸಕ್ಕಲ್ಲ

ಮನೆಯಲ್ಲೇ ಹೊಲಿದು ಆತ್ಮೀಯರಿಗೆ ಕೊಡುವ ಪರ್ಸಿಗೆ ಬಟ್ಟೆ ಹುಡುಕಲು ಹೊರಟರೆ, ಉತ್ತರ ಕರ್ನಾಟಕದ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಟ್ರಂಕಿನೊಳಗೆ ಮಡಿಚಿಟ್ಟ ಖಣ. ಉಡಿ ತುಂಬಿಸಿಕೊಂಡಾಗ ಅಕ್ಕಿ, ತೆಂಗಿನಕಾಯಿ, ಎಲೆ-ಅಡಿಕೆಗಳ ಜೊತೆ ಬಂದ ಇಂಥ ಕುಪ್ಪಸದ ಖಣಗಳಲ್ಲಿ ಕೆಲವು ಈಗಿನ ರವಿಕೆಯ ಅಳತೆಗೆ ಸಾಲುವುದಿಲ್ಲ. ಅವು ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ದಾಟುತ್ತಲೇ ಇರುತ್ತವೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಬಟ್ಟೆಯ ಸೊಬಗಿನ ಬಗ್ಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಪರ್ಸು ಹೊಲಿಯುವ ಸಾಮಗ್ರಿಯಾಗಿ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ. ನನ್ನ ಅಭಿಪ್ರಾಯದಲ್ಲಿ ಹೊರಮೈಗೆ ಇದಕ್ಕಿಂತ ಒಪ್ಪುವ ಬಟ್ಟೆ ಸಿಗುವುದು ಕಷ್ಟ. ಆದರೆ ಒಳಗಿನ ಜೇಬುಗಳ ಕೆಲಸವನ್ನೂ ಖಣಕ್ಕೇ ಒಪ್ಪಿಸಿದರೆ ಪರ್ಸು ಬಹುಕಾಲ ಬಾಳುವುದಿಲ್ಲ.

ಹೊರಮೈಗೆ ಒಪ್ಪುವುದಕ್ಕೆ ಮುಖ್ಯ ಕಾರಣ ಚಿತ್ತಾರದ ಗಾತ್ರ. ಸೀರೆಯ ಸೆರಗಿನ ಅಥವಾ ಪರದೆ ಬಟ್ಟೆಯ ದೊಡ್ಡ ಹೂವನ್ನು ಅಂಗೈಯಗಲದ ಪರ್ಸಿಗೆ ಕತ್ತರಿಸಿದರೆ ಅರ್ಧ ಎಸಳು ಈಚೆ, ಅರ್ಧ ಎಸಳು ಆಚೆ ಹೋಗಿ ಚಿತ್ರವೇ ಉಳಿಯುವುದಿಲ್ಲ. ಖಣವಾದರೋ ಕುಪ್ಪಸಕ್ಕೆಂದೇ ನೇಯ್ದದ್ದು. ತೇರು, ಆನೆಹೆಜ್ಜೆ ಮುಂತಾದ ಪುಟ್ಟ ಚಿತ್ತಾರಗಳು ಒತ್ತೊತ್ತಾಗಿ ಮರುಕಳಿಸುವುದರಿಂದ ಎಲ್ಲಿ ಕತ್ತರಿಸಿದರೂ ನಾಲ್ಕಾರು ಪೂರ್ಣ ಚಿತ್ತಾರಗಳು ಉಳಿದೇ ಉಳಿಯುತ್ತವೆ. ಬೆಳಕಿಗೆ ಹಿಡಿದಾಗ ಅದರ ಹೊಳಪು ಒಂದೊಂದು ಕೋನದಲ್ಲಿ ಒಂದೊಂದು ಬಗೆಯಾಗಿ ಕಾಣುವ ಗುಣವನ್ನು ಅಚ್ಚು ಹಾಕಿದ ಬಟ್ಟೆಯಲ್ಲಿ ನಿರೀಕ್ಷಿಸುವಂತಿಲ್ಲ.

ದೋಷಗಳು ಕತ್ತರಿ ಹಾಕಿದ ಕ್ಷಣದಿಂದ ಕಾಣತೊಡಗುತ್ತವೆ. ಕತ್ತರಿಸಿದ ಅಂಚಿನಿಂದ ಎಳೆಗಳು ಬೇಗ ಬಿಡುತ್ತವೆ. ಚಿತ್ತಾರ ಮೂಡಿಸಲು ಹಾಸಿನಲ್ಲಿ, ಅಂದರೆ ಮಗ್ಗದ ಉದ್ದನೆಯ ಎಳೆಗಳ ಸಾಲಿನಲ್ಲಿ, ಹೆಚ್ಚುವರಿಯಾಗಿ ಸೇರಿಸಿದ ಎಳೆಗಳು ಹಿಂಬದಿಯಲ್ಲಿ ಸಡಿಲವಾಗಿ ಓಡುವುದರಿಂದ, ಅಸ್ತರವಿಲ್ಲದೆ ಬಳಸಿದರೆ ನಾಣ್ಯಕ್ಕೋ ಉಗುರಿಗೋ ಸಿಕ್ಕಿ ಕಿತ್ತುಬರುತ್ತವೆ. ರೇಷ್ಮೆ ಅಥವಾ ಕೃತಕ ರೇಷ್ಮೆಯ ನುಣುಪಾದ ಎಳೆಗಳಿರುವ ಖಣದಲ್ಲಿ ಹೊಲಿಗೆಯ ಮೇಲೆ ಎಳೆತ ಬಿದ್ದಾಗ ದಾರ ಹರಿಯದಿದ್ದರೂ ಎಳೆಗಳು ಪಕ್ಕಕ್ಕೆ ಸರಿದು ಸಂದು ಬಿಡುವುದುಂಟು. ಈ ಮೂರಕ್ಕೂ ಪರಿಹಾರ ಒಂದೇ: ಕತ್ತರಿಸುವ ಮೊದಲೇ ಹಿಂಬದಿಗೆ ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್ ಹಾಕುವುದು. ರವಿಕೆಯ ಕುತ್ತಿಗೆಗೆ ಹಾಕುವ ತೆಳು ಕ್ಯಾನ್ವಾಸೇ ಸಾಕು. ಅಂಗಿಯ ಕಾಲರಿಗೆ ಬಳಸುವ ಗಟ್ಟಿ ಬಕ್ರಂ ಹಾಕಿದರೆ ಮಡಿಸುವ ಜಾಗದಲ್ಲಿ ಬಿಳಿ ಗೆರೆಯಂತೆ ಮುರಿದು ಕಾಣುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಒತ್ತಿ ಎತ್ತಬೇಕು, ಉಜ್ಜಿದರೆ ಸಾಲಾಗಿ ನಿಂತ ಚಿತ್ತಾರಗಳು ಓರೆಯಾಗುತ್ತವೆ. ಈ ಒಂದು ಹೆಜ್ಜೆಯನ್ನು ಬಿಡುವವರಿಗೆ ನಾನು ಖಣವನ್ನು ಶಿಫಾರಸು ಮಾಡುವುದೇ ಇಲ್ಲ. ಅವರು ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿಯುವುದು ಲೇಸು.

ಅಳತೆಯನ್ನು ಕಣ್ಣಂದಾಜಿಗೆ ಬಿಡದೆ ನೋಟಿನಿಂದಲೇ ಆರಂಭಿಸಬೇಕು. ಈಗ ಚಲಾವಣೆಯಲ್ಲಿರುವ 500 ರೂಪಾಯಿ ನೋಟು 150 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲವಿದೆ. ಅದು ಹಿಡಿಸಿದರೆ 200, 100ರ ನೋಟುಗಳೂ ಹಿಡಿಸುತ್ತವೆ. ಬ್ಯಾಂಕಿನ ಕಾರ್ಡು ಸುಮಾರು 86 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲ. ಆದ್ದರಿಂದ ನಡುವೆ ಮಡಚುವ ಪರ್ಸು ಬಿಚ್ಚಿದಾಗ 20 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಎತ್ತರವಿದ್ದರೆ ನೋಟೂ ಕಾರ್ಡೂ ಎರಡೂ ಸಲೀಸಾಗಿ ಕೂರುತ್ತವೆ; ಹೊಲಿಗೆಗೆಂದು ಸುತ್ತ ಒಂದೊಂದು ಸೆಂಟಿಮೀಟರ್ ಬಿಟ್ಟು 22ಕ್ಕೆ 11ರ ತುಂಡು ಕತ್ತರಿಸಬಹುದು. ಒಳಪದರವನ್ನು ಮಾತ್ರ ಹೊರಪದರಕ್ಕಿಂತ ಅರ್ಧ ಸೆಂಟಿಮೀಟರಿನಷ್ಟು ಗಿಡ್ಡ ಮಾಡಬೇಕು. ಎರಡನ್ನೂ ಸಮ ಅಳತೆಗೆ ಕತ್ತರಿಸಿದ ಪರ್ಸು ಮೇಜಿನ ಮೇಲೆ ಚೊಕ್ಕಟವಾಗಿ ಕಂಡರೂ ಮಡಚಿದ ಕೂಡಲೇ ಒಳಗಿನ ಬಟ್ಟೆ ನಡುವೆ ಸುಕ್ಕಾಗಿ ಉಬ್ಬುತ್ತದೆ.

ಕಾರ್ಡಿನ ಜೇಬುಗಳಿಗೆ ಸಾದಾ ಹತ್ತಿ ಬಟ್ಟೆ, ಅದರಲ್ಲೂ ಒತ್ತಾದ ನೇಯ್ಗೆಯ ಪಾಪ್ಲಿನ್, ಖಣಕ್ಕಿಂತ ಎಷ್ಟೋ ಮೇಲು. ಒಂದರ ಮೇಲೊಂದು ಮೂರು ಜೇಬು ಜೋಡಿಸಿದರೆ, ಪ್ರತಿ ಜೇಬೂ ಮಡಿಕೆಯ ಬಟ್ಟೆಯಾದ್ದರಿಂದ ಬದಿಯ ಹೊಲಿಗೆಯಲ್ಲಿ ಆರು ಪದರಗಳಾಗುತ್ತವೆ. ಅಸ್ತರ, ಕ್ಯಾನ್ವಾಸ್, ಖಣ ಸೇರಿದರೆ ಒಂಬತ್ತು. ಅಷ್ಟು ದಪ್ಪವನ್ನು ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ 16ನೇ ನಂಬರಿನ ಸೂಜಿಯಿದ್ದರೆ ತಕರಾರಿಲ್ಲದೆ ಹೊಲಿಯುತ್ತದೆ, ಮೂಲೆಗಳಲ್ಲಿ ಮಾತ್ರ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಜೇಬುಗಳನ್ನೂ ಖಣದಲ್ಲೇ ಮಾಡಿದರೆ ದಪ್ಪ ಇನ್ನೂ ಹೆಚ್ಚುತ್ತದೆ, ಕಾರ್ಡಿನ ಮೂಲೆ ತಾಗಿ ತಾಗಿ ಎಳೆ ಸವೆಯುತ್ತದೆ. ಅಂಚುಗಳನ್ನು ಒಳಕ್ಕೆ ಮಡಿಚಿ ತಿರುವುವ ಬದಲು ಓರೆಯಾಗಿ ಕತ್ತರಿಸಿದ ಹತ್ತಿಪಟ್ಟಿಯಿಂದ ಸುತ್ತಲೂ ಪೈಪಿಂಗ್ ಕೊಟ್ಟರೆ ಖಣದ ಎಳೆ ಬಿಡುವ ಚಾಳಿಗೂ ಕಡಿವಾಣ ಬೀಳುತ್ತದೆ.

ಖಣದ ದಡಿಯನ್ನು ಮಾತ್ರ ಕತ್ತರಿಸಿ ಎಸೆಯಬಾರದು. ಅದು ನೇಯ್ಗೆಯಲ್ಲೇ ಮುಗಿದ ಅಂಚು. ಎಳೆ ಬಿಡುವ ಭಯವಿಲ್ಲ, ಮಡಿಚುವ ಅಗತ್ಯವಿಲ್ಲ. ನೋಟಿಡುವ ಜೇಬಿನ ಬಾಯಿಗೆ ಸರಿಯಾಗಿ ದಡಿ ಬರುವಂತೆ ಕತ್ತರಿಸಿಕೊಂಡರೆ ಆ ಭಾಗ ತೆಳುವಾಗಿಯೂ ಗಟ್ಟಿಯಾಗಿಯೂ ಉಳಿಯುತ್ತದೆ. ಹಾಗೆ ಇಟ್ಟಾಗ ತೇರು ನೆಟ್ಟಗೆ ನಿಲ್ಲುತ್ತದೆಯೋ ಅಡ್ಡ ಬೀಳುತ್ತದೆಯೋ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಅಡ್ಡ ಬೀಳುವುದಾದರೆ ಯಾವ ಕಡೆಯಿಂದ ನೋಡಿದರೂ ಒಂದೇ ಬಗೆಯಾಗಿ ಕಾಣುವ ಚಿತ್ತಾರವನ್ನು ಆರಿಸಿಕೊಳ್ಳುವುದು ಜಾಣತನ. ಮುಚ್ಚಲು ಟಿಚ್ ಬಟನ್ ಸಾಕು. ವೆಲ್ಕ್ರೋ ಬೇಡವೇ ಬೇಡ, ಅದರ ಕೊಕ್ಕೆಗಳು ಖಣದ ಎಳೆಗಳನ್ನು ಒಂದೊಂದಾಗಿ ಎಳೆದು ಹಾಕುತ್ತವೆ.

ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವವರಿಗೆ ಎಲ್ಲವನ್ನೂ ಖಣವೆಂದೇ ತೋರಿಸುತ್ತಾರೆ. ಕೈಮಗ್ಗದ್ದು, ಪವರ್‌ಲೂಮಿನದು, ಬರೀ ಅಚ್ಚು ಹಾಕಿದ್ದು ಎಲ್ಲವೂ ಒಂದೇ ರಾಶಿಯಲ್ಲಿರುತ್ತವೆ. ಬಟ್ಟೆಯನ್ನು ತಿರುವಿ ಹಾಕಿ ನೋಡುವುದು ಮೊದಲ ಪರೀಕ್ಷೆ: ಹಿಂಬದಿಯಲ್ಲಿ ಎಳೆಗಳ ಓಟ ಕಾಣದೆ ಬಣ್ಣ ಮಾತ್ರ ಮಸುಕಾಗಿದ್ದರೆ ಅದು ಅಚ್ಚಿನದು. ತುದಿಯ ಒಂದೆರಡು ಎಳೆಗಳನ್ನು ಸುಟ್ಟರೆ ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ, ಹತ್ತಿಯಿಂದ ಕಾಗದ ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಎಂದ ಮಾತ್ರಕ್ಕೆ ತಿರಸ್ಕರಿಸಬೇಕಿಲ್ಲ. ಸವೆತ ತಾಳುವುದರಲ್ಲಿ ಅದೇ ಒಂದು ಕೈ ಮೇಲು, ಬಿಸಿ ಇಸ್ತ್ರಿ ಮಾತ್ರ ಅದಕ್ಕೆ ಆಗದು. ಬಣ್ಣದ ಪರೀಕ್ಷೆಯಂತೂ ಕಡ್ಡಾಯ: ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಕೆಂಪೋ ನೀಲಿಯೋ ಅಂಟಿಕೊಂಡರೆ, ಬೆವರಿನ ದಿನಗಳಲ್ಲಿ ಅದೇ ಬಣ್ಣ ಉಡುಗೊರೆ ಪಡೆದವರ ಬಿಳಿ ಅಂಗಿಗೂ ಅಂಟುತ್ತದೆ.

ಸಿದ್ಧವಾಗಿ ಸಿಗುವ ಖಣದ ಪರ್ಸುಗಳನ್ನು ಕೊಳ್ಳುವುದು ಸುಲಭ. ಆದರೆ ನಾನು ನೋಡಿದವುಗಳಲ್ಲಿ ಹಲವಕ್ಕೆ ಒಳಗೆ ರಟ್ಟು ಇಟ್ಟಿದ್ದರು. ನೀರು ತಗುಲಿದರೆ ಅದರ ಕಥೆ ಮುಗಿಯಿತು. ಮನೆಯಲ್ಲಿ ಹೊಲಿದುದರಲ್ಲಿ ಒಳಗೇನಿದೆ ಎಂಬುದು ಗೊತ್ತಿರುತ್ತದೆ, ಪಡೆಯುವವರ ಅಭ್ಯಾಸಕ್ಕೆ ತಕ್ಕಂತೆ ಕಾರ್ಡಿನ ಜೇಬು ಕಡಿಮೆ ಮಾಡಿ ಚಿಲ್ಲರೆಗೊಂದು ಜಿಪ್ ಇಡುವ ಸ್ವಾತಂತ್ರ್ಯವೂ ಇರುತ್ತದೆ. ವ್ಯಾನಿಟಿ ಬ್ಯಾಗಿನಲ್ಲೋ ಅಂಗಿಯ ಜೇಬಿನಲ್ಲೋ ಇಟ್ಟುಕೊಳ್ಳುವವರಿಗೆ ಖಣದ ಪರ್ಸನ್ನು ಧಾರಾಳವಾಗಿ ಹೊಲಿದು ಕೊಡಬಹುದು. ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ ಬೈಕಿನ ಮೇಲೆ ದಿನವಿಡೀ ಕೂರುವವರಿಗೆ ಬೇಡ. ಖಾಲಿ ಪರ್ಸು ಕೊಡಬಾರದೆಂಬ ಮಾತಿರುವುದರಿಂದ ಒಳಗೊಂದು ರೂಪಾಯಿ ನಾಣ್ಯ ಹಾಕುವವರು, ಅದರ ಜೊತೆಗೆ ತಣ್ಣೀರಿನಲ್ಲಿ ಕೈಯಿಂದ ತೊಳೆದು ನೆರಳಲ್ಲಿ ಒಣಗಿಸಬೇಕೆಂದು ಬರೆದ ಚೀಟಿಯನ್ನೂ ಇಟ್ಟರೆ ಪಡೆದವರಿಗೆ ಅನುಕೂಲ.