ಟೇಪ್ ಎಕ್ಸ್‌ಟೆನ್ಷನ್ ಹಾಕಿಸಿದವರು ಬುಡಕ್ಕೆ ಎಣ್ಣೆ, ಮಾಸ್ಕ್ ಮುಟ್ಟಿಸಬೇಡಿ

ಬಾಣಂತನ ಮುಗಿದ ಮೇಲೆ ನನ್ನ ಕೂದಲು ತುಂಬಾ ಉದುರಿತ್ತು. ಮೇ ತಿಂಗಳಲ್ಲಿ ಉಡುಪಿಯಲ್ಲಿ ತಂಗಿಯ ಮದುವೆ. ಉದ್ದ ಜಡೆಗೆ ಶಂಕರಪುರ ಮಲ್ಲಿಗೆ ಮುಡಿಯಬೇಕೆಂದು ಆಸೆಪಟ್ಟು ಮಂಗಳೂರಿನ ಒಂದು ಪಾರ್ಲರಿನಲ್ಲಿ ಟೇಪ್ ಎಕ್ಸ್‌ಟೆನ್ಷನ್ ಹಾಕಿಸಿಕೊಂಡೆ, ಅಂದರೆ ಅಂಟುಪಟ್ಟಿಗಳಿಂದ ಬೇರೆ ಕೂದಲನ್ನು ನನ್ನ ಕೂದಲಿನ ಬುಡದ ಹತ್ತಿರ ಅಂಟಿಸಿದರು. ಆಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ ಅಲ್ಲಿ ಯಾರೂ ಒಂದು ಮಾತು ಹೇಳಲಿಲ್ಲ.

ಹತ್ತು ದಿನದಲ್ಲಿ ತುದಿಗಳು ತೆಂಗಿನ ನಾರಿನ ಹಾಗಾದವು. ಅಮ್ಮ ಬಿಸಿ ಮಾಡಿದ ತೆಂಗಿನೆಣ್ಣೆಯನ್ನು ನೆತ್ತಿಗೆ ತಿಕ್ಕಿದರು. ಅದು ಸಾಲದೆಂದು ನಾನು ಬುಡದಿಂದ ತುದಿಯವರೆಗೆ ಹೇರ್ ಮಾಸ್ಕ್ (ಗಟ್ಟಿ ಕಂಡೀಷನರ್) ಹಚ್ಚಿ, ಬಿಸಿ ಟವೆಲ್ ಸುತ್ತಿ ಒಂದು ಗಂಟೆ ಕೂತೆ. ಮಾರನೇ ದಿನ ಬಾಚಣಿಗೆಯಲ್ಲಿ ಎರಡು ಪಟ್ಟಿ ಜಾರಿ ಬಂದವು. ಮದುವೆ ದಿನ ಹೂ ಮುಡಿಸುವಾಗ ಇನ್ನೂ ನಾಲ್ಕು ಬಂದವು. ಅರೆಬರೆ ಅಂಟಿಕೊಂಡಿದ್ದ ಅವು ನನ್ನ ಸ್ವಂತ ಕೂದಲನ್ನೂ ಕಿತ್ತುಕೊಂಡೇ ಬಂದವು. ಕಣ್ಣಲ್ಲಿ ನೀರು ಬಂತು. ತಂಗಿಯ ಧಾರೆಯನ್ನು ನೆಮ್ಮದಿಯಿಂದ ನೋಡಲೂ ಆಗಲಿಲ್ಲ.

ಉಳಿದದ್ದನ್ನು ತೆಗೆಸಲು ಬೇರೆ ಕಡೆ ಹೋದಾಗ ಕಾರಣ ಗೊತ್ತಾಯಿತು. ಎಣ್ಣೆ, ಕಂಡೀಷನರ್, ಬಿಸಿ ಮೂರೂ ಟೇಪಿನ ಅಂಟನ್ನು ಸಡಿಲ ಮಾಡುತ್ತವೆ. ನಾನು ಮೂರನ್ನೂ ಒಟ್ಟಿಗೆ ಕೊಟ್ಟಿದ್ದೆ! ಹಾಗಂತ ಕಂಡೀಷನರ್ ಬೇಡವೇ ಬೇಡ ಅಂತಲ್ಲ. ನಮ್ಮ ನೆತ್ತಿಯ ಜಿಡ್ಡು ಎಕ್ಸ್‌ಟೆನ್ಷನ್ ಕೂದಲಿಗೆ ಇಳಿಯುವುದೇ ಇಲ್ಲ, ಅದಕ್ಕೇ ಅದು ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಮಾಸ್ಕ್ ಹಚ್ಚಲೇಬೇಕು. ಆದರೆ ಕಿವಿಯಿಂದ ಕೆಳಗೆ ಮಾತ್ರ.

ಮೊದಲು ಸಲ್ಫೇಟ್ ಇಲ್ಲದ ಶಾಂಪೂ. ತಲೆ ಬಗ್ಗಿಸದೆ, ನಿಂತುಕೊಂಡೇ ತೊಳೆಯಿರಿ. ನೀರನ್ನು ಟವೆಲಿನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಕೂದಲು ತೊಟ್ಟಿಕ್ಕುತ್ತಿದ್ದರೆ ಮಾಸ್ಕ್ ಹಿಡಿಯುವುದಿಲ್ಲ, ಸುಮ್ನೆ ಹರಿದು ಹೋಗುತ್ತದೆ. ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಹದಿನೈದು ನಿಮಿಷ ಸಾಕು, ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಒಳ್ಳೆಯದಾಗುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಬುಡ ಬೇಗ ಒಣಗುವುದಿಲ್ಲ ಅಲ್ವಾ? ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಟೇಪ್ ಇರುವ ಜಾಗವನ್ನು ಪೂರ್ತಿ ಒಣಗಿಸಿ. ಒದ್ದೆ ತಲೆಯಲ್ಲಿ ಮಲಗಿದರಂತೂ ಬೆಳಿಗ್ಗೆ ಎಲ್ಲಾ ಗಂಟು.

ಸಿಂಥೆಟಿಕ್ ಕೂದಲಿಗೆ ಇದೆಲ್ಲ ಖರ್ಚು ಮಾಡಬೇಡಿ. ಅದು ಪ್ಲಾಸ್ಟಿಕ್ ಎಳೆ, ಮಾಸ್ಕ್ ಒಳಗೆ ಇಳಿಯುವುದಿಲ್ಲ.

ನನ್ನ ಹಾಗೆ ಕೂದಲು ಉದುರುತ್ತಿರುವವರು ಟೇಪ್ ಹಾಕಿಸಲೇಬೇಡಿ. ಆ ಭಾರಕ್ಕೆ ಸೋತ ಬುಡ ಇನ್ನೂ ಸೋಲುತ್ತದೆ. ಒಂದು ದಿನದ ಮದುವೆಗೆ ನಮ್ಮ ಅಮ್ಮಂದಿರ ಚೌರಿ, ಇಲ್ಲವೇ ಕ್ಲಿಪ್ ಹಾಕುವ ಕೂದಲು ಸಾಕು. ರಾತ್ರಿ ತೆಗೆದಿಟ್ಟು, ಬೇಕೆಂದಾಗ ಬೋಗುಣಿಯಲ್ಲಿ ಅದನ್ನಷ್ಟೇ ತೊಳೆದು ಕಂಡೀಷನರ್ ಹಚ್ಚಬಹುದು.