ಸ್ಟ್ರೆಚರ್ ಮೇಲಿಂದ ಕಂಡ ಆಂಬುಲೆನ್ಸ್ ಸೇವೆ: 108 ಮತ್ತು ಒಂದು ಖಾಸಗಿ ವಾಹನ

ಆಂಬುಲೆನ್ಸ್ ಸೇವೆಯ ಬಗ್ಗೆ ಬರೆಯುವವರು ಬಹುಮಟ್ಟಿಗೆ ಅದು ಎಷ್ಟು ಬೇಗ ಬಂತು ಎಂಬುದನ್ನಷ್ಟೇ ಬರೆಯುತ್ತಾರೆ. ಒಳಗೆ ಅಂಗಾತ ಮಲಗಿದ್ದ ಗಾಯಾಳುವಿಗೆ ಆ ಹೊತ್ತು ಹೇಗೆ ಕಳೆಯಿತು ಎಂಬ ವಿವರ ಸಿಗುವುದು ಅಪರೂಪ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯಲ್ಲಿ, ಮಂಡಗದ್ದೆಯ ಸಮೀಪ ಸ್ಕೂಟರ್ ಜಾರಿ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ ನಾನು ಶಿವಮೊಗ್ಗದವರೆಗೆ 108ರಲ್ಲಿಯೂ, ಆಮೇಲೆ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಒಂದು ಖಾಸಗಿ ಆಂಬುಲೆನ್ಸಿನಲ್ಲಿಯೂ ಹೋಗಬೇಕಾಯಿತು. ಈ ವಿಮರ್ಶೆ ಆ ಎರಡು ಪ್ರಯಾಣಗಳನ್ನು ಕುರಿತದ್ದು.

‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಸಂಪೂರ್ಣ ಉಚಿತ ಸೇವೆ. ಇದರಲ್ಲಿ ಚಾಲಕರನ್ನು ಪೈಲಟ್ ಎನ್ನುತ್ತಾರೆ; ರೋಗಿಯ ಜೊತೆ ಹಿಂದೆ ಕೂರುವವರು ತರಬೇತಿ ಪಡೆದ ತುರ್ತು ವೈದ್ಯಕೀಯ ತಂತ್ರಜ್ಞರು, ಎಲ್ಲರ ಬಾಯಲ್ಲಿ ಇಎಂಟಿ. ವಾಹನ ಬರುವ ಮೊದಲು ನನ್ನ ಸುತ್ತ ಸೇರಿದ್ದವರಲ್ಲಿ ಇಬ್ಬರು ನನ್ನನ್ನು ಕೈಕಾಲು ಹಿಡಿದೆತ್ತಿ ಗೂಡ್ಸ್ ಆಟೋಗೆ ಹಾಕಲು ಮುಂದಾಗಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಮುರಿದ ಕಾಲನ್ನು ಆಸರೆಯಿಲ್ಲದೆ ಎತ್ತಿದಾಗ ಮೂಳೆಯ ಚೂಪಾದ ತುದಿ ಒಳಗಿನ ರಕ್ತನಾಳಕ್ಕೆ, ನರಕ್ಕೆ ತಾಗುವ ಅಪಾಯವಿರುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕರೆ ಮಾಡಿದ್ದ ಮಹನೀಯರು ಫೋನಿನಲ್ಲಿ ಬಂದ ಸೂಚನೆಯಂತೆ ಅವರನ್ನು ತಡೆದರು. ತಮ್ಮ ಹೆಸರು ಹೇಳಲು ಮಾತ್ರ ಅವರು ಹಿಂಜರಿದರು. ಗಾಯಾಳುವಿಗೆ ನೆರವಾದವರು ಹೆಸರು, ವಿಳಾಸ ಕೊಡಬೇಕೆಂಬ ಕಡ್ಡಾಯವಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಡಿ ರೂಪಿಸಿದ ನಿಯಮಗಳೇ ಹೇಳಿದ್ದರೂ ಪೊಲೀಸ್ ಠಾಣೆಯ ಭಯ ಇನ್ನೂ ಹೋಗಿಲ್ಲ.

ಇಎಂಟಿಯಾಗಿ ಬಂದವರು ಇಪ್ಪತ್ತೈದರ ಆಸುಪಾಸಿನ ಯುವಕ. ಮೊದಲು ಹೆಸರು ಕೇಳಿದರು, ತಲೆಗೆ ಪೆಟ್ಟಾಗಿದೆಯೇ ಎಂದು ವಿಚಾರಿಸಿದರು, ಆಮೇಲೆ ಕಾಲ್ಬೆರಳುಗಳನ್ನು ಆಡಿಸಲು ಹೇಳಿದರು. ಚೂಡಿದಾರದ ಕಾಲನ್ನು ಕತ್ತರಿಸಲೇಬೇಕಿತ್ತು. ಅದಕ್ಕೆ ಮುನ್ನ ಸೊಂಟದಿಂದ ಕೆಳಗೆ ಬಟ್ಟೆ ಹೊದಿಸಿ, “ಅಮ್ಮಾ, ಬಟ್ಟೆ ಸ್ವಲ್ಪ ಕತ್ತರಿಸ್ತೀನಿ, ಇಲ್ಲಾಂದ್ರೆ ಗಾಯ ಕಾಣಲ್ಲ” ಎಂದು ಒಪ್ಪಿಗೆ ಕೇಳಿದರು. ರಸ್ತೆಯ ಬದಿಯಲ್ಲಿ ಇಪ್ಪತ್ತು ಜನ ನೋಡುತ್ತಿರುವಾಗ ಒಬ್ಬ ಹೆಂಗಸಿಗೆ ಈ ಒಂದು ಮಾತು ಎಂಥ ಧೈರ್ಯ ಕೊಡುತ್ತದೆ ಎಂಬುದನ್ನು ಅಂಥ ಸ್ಥಿತಿಯಲ್ಲಿ ಬಿದ್ದವರೇ ಬಲ್ಲರು.

ನನಗೆ ನೋವಿಗಿಂತ ಹೆಚ್ಚು ಕಾಡಿದ್ದು ಚಳಿ. ಮಳೆಯಲ್ಲಿ ನೆನೆದ ಬಟ್ಟೆ, ರಕ್ತ ಹೋದ ದೇಹ. ಗಾಯಾಳುವಿಗೆ ಚಳಿಯೆಂದರೆ ಬರೀ ಕಿರಿಕಿರಿಯಲ್ಲ. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತ ಹೋದಂತೆ ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಕುಗ್ಗಿ, ರಕ್ತಸ್ರಾವ ನಿಲ್ಲುವುದು ಕಷ್ಟವಾಗುತ್ತದೆ. ಯುವಕ ಒದ್ದೆಯಾದ ಮೇಲುಡುಪನ್ನು ತೆಗೆಸಿ ಕಂಬಳಿ ಹೊದಿಸಿದ್ದು ಹಾಗಾಗಿ ಉಪಚಾರದ ಮಾತಷ್ಟೇ ಅಲ್ಲ, ಚಿಕಿತ್ಸೆಯೇ ಆಗಿತ್ತು.

ಮಲಗಿದವರಿಗೆ ಕಾಣುವುದು ವಾಹನದ ಚಾವಣಿ ಮಾತ್ರ. ತಿರುವು ಯಾವ ಕಡೆಗೆ, ಬ್ರೇಕ್ ಯಾವಾಗ ಎಂಬುದು ತಿಳಿಯದೆ ಮೈ ಸದಾ ಬಿಗಿಯಾಗಿರುತ್ತದೆ. ಬಿಗಿಯಾದಷ್ಟೂ ಮುರಿದ ಕಾಲು ನೋಯುತ್ತದೆ. ಪೈಲಟ್ ಪ್ರತಿ ಹಂಪ್ ಬರುವ ಮೊದಲು ಹಿಂದಕ್ಕೆ ಕೂಗಿ ಹೇಳುತ್ತಿದ್ದರು, ಯುವಕ ಅಲುಗದಂತೆ ಸ್ಪ್ಲಿಂಟ್ (ಆಸರೆಪಟ್ಟಿ) ಕಟ್ಟಿದ ಕಾಲನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದರು. “ಸಕ್ರೆಬೈಲು ದಾಟಿದ್ವಿ, ಇನ್ನು ಗಾಜನೂರು” ಎಂದು ಊರುಗಳ ಹೆಸರು ಹೇಳುತ್ತ ಬಂದದ್ದರಿಂದ ದಾರಿ ಎಷ್ಟು ಉಳಿದಿದೆ ಎಂಬ ಲೆಕ್ಕವಾದರೂ ಸಿಕ್ಕಿತು. ಸೈರನ್ ಬೇಕಾದಲ್ಲಿ ಮಾತ್ರ ಕೇಳಿಸಿತು. ಆಸ್ಪತ್ರೆಯಲ್ಲಿ ನನ್ನನ್ನು ಒಪ್ಪಿಸುವಾಗ ರಕ್ತದೊತ್ತಡ, ನಾಡಿಬಡಿತ, ಕೊಟ್ಟ ಔಷಧ ಎಲ್ಲವನ್ನೂ ಹೊತ್ತಿನ ಸಮೇತ ಬರೆದ ಹಾಳೆಯನ್ನು ನರ್ಸ್ ಕೈಗೆ ಕೊಟ್ಟರು.

ಬೆಂಗಳೂರಿನ ದಾರಿಯ ಕಥೆ ಬೇರೆ. ಆ ಖಾಸಗಿ ಸಂಸ್ಥೆಯ ವಾಹನ ಹೊಸದಾಗಿತ್ತು, ಹೊರಗಿನ ಬಣ್ಣ, ದೀಪ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಹಿಂದೆ ನನ್ನ ಜೊತೆ ಕೂತ ಹುಡುಗನಿಗೆ ಆಮ್ಲಜನಕದ ಸಿಲಿಂಡರ್ ತಿರುಗಿಸುವುದರ ಆಚೆಗೆ ಏನೂ ಗೊತ್ತಿರಲಿಲ್ಲ. ಕಡೂರು ದಾಟುವಷ್ಟರಲ್ಲಿ ಡ್ರಿಪ್ ಖಾಲಿಯಾಗಿ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಏರಿದ್ದನ್ನು ಗಮನಿಸಿದವರು ನನ್ನ ಯಜಮಾನರು. ಸ್ಟ್ರೆಚರಿನ ಬೆಲ್ಟ್ ಕಟ್ಟಿರಲಿಲ್ಲ. ಅರಸೀಕೆರೆಯ ಹತ್ತಿರ ಜೋರಾಗಿ ಬ್ರೇಕ್ ಹಾಕಿದಾಗ ನಾನು ಜಾರಿದ ಮೇಲೆಯೇ ಅದು ನೆನಪಾಯಿತು. ಖಾಲಿ ಹೆದ್ದಾರಿಯಲ್ಲಿಯೂ ಸೈರನ್ ನಿಲ್ಲಲಿಲ್ಲ, ಎ.ಸಿ. ಕಡಿಮೆ ಮಾಡಿ ಎಂದು ಮತ್ತೆಮತ್ತೆ ಕೇಳಬೇಕಾಯಿತು. ತುಮಕೂರಿನ ಪೆಟ್ರೋಲ್ ಬಂಕಿನಲ್ಲಿ ವಾಹನ ನಿಲ್ಲಿಸಿ, ಮೊದಲು ಮಾತಾಡಿದ್ದಕ್ಕಿಂತ ಹೆಚ್ಚಿನ ಹಣವನ್ನು ಅಲ್ಲಿಯೇ ಕೊಡಬೇಕೆಂದು ಚಾಲಕ ಪಟ್ಟು ಹಿಡಿದ. ಸ್ಟ್ರೆಚರ್ ಮೇಲೆ ಮಲಗಿದವರ ಮನೆಯವರು ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು.

108ಕ್ಕೆ ನಾನು ಐದರಲ್ಲಿ ಐದು ಅಂಕ ಕೊಡುತ್ತೇನೆ, ಖಾಸಗಿ ವಾಹನಕ್ಕೆ ಒಂದು. ಆ ಒಂದು ಕೂಡ ವಾಹನ ಕೆಟ್ಟು ನಿಲ್ಲದೆ ಊರು ಮುಟ್ಟಿಸಿದ್ದಕ್ಕೆ. ದೂರದ ಆಸ್ಪತ್ರೆಗೆ ಖಾಸಗಿ ಆಂಬುಲೆನ್ಸ್ ಗೊತ್ತುಮಾಡುವವರು ಕಿಲೋಮೀಟರ್ ದರ ಕೇಳುವುದಕ್ಕೂ ಮೊದಲು ಹಿಂದೆ ಕೂರುವವರ ತರಬೇತಿ ಏನು, ದಾರಿಯಲ್ಲಿ ರಕ್ತದೊತ್ತಡ ನೋಡಿ ಬರೆದಿಡುತ್ತಾರೆಯೇ ಎಂದು ವಿಚಾರಿಸಬೇಕು. ಒಟ್ಟು ಬಾಡಿಗೆ, ಟೋಲ್, ಕಾಯುವ ಶುಲ್ಕ ಎಲ್ಲವನ್ನೂ ಹೊರಡುವ ಮೊದಲೇ ಮೊಬೈಲ್ ಸಂದೇಶದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಡಿಸ್ಚಾರ್ಜ್ ಹಾಳೆಯ ಜೊತೆ ದಾರಿಗೆ ಬೇಕಾದ ನೋವಿನ ಔಷಧವನ್ನು ಆಸ್ಪತ್ರೆಯ ವೈದ್ಯರಿಂದಲೇ ಬರೆಸಿಕೊಳ್ಳಿ, ಕಂಬಳಿಯನ್ನಂತೂ ಮನೆಯಿಂದಲೇ ತನ್ನಿ.