ಮರದ ತೋಟದಲ್ಲಿ ಮನೆಮಂದಿಯ ಫೋಟೊ: ಛಾಯಾಗ್ರಾಹಕಿ, ಮೊಬೈಲ್, ನಮ್ಮ ಹಳೆಯ ಕ್ಯಾಮೆರಾ

ಕ್ರಿಸ್ಮಸ್ ಮರದ ತೋಟದಲ್ಲಿ ಫೋಟೊ ತೆಗೆಸಿಕೊಳ್ಳಲು ಹಣ ಕೊಟ್ಟು ಛಾಯಾಗ್ರಾಹಕರನ್ನು ಗೊತ್ತುಮಾಡಬೇಕೇ ಎಂದು ಗೆಳತಿಯರು ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: ಬೇಡ, ಆ ಹಣದಲ್ಲಿ ಗಟ್ಟಿಯಾದ ಟ್ರೈಪಾಡ್ (ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡ್) ಕೊಳ್ಳಿ. ಒಂದೇ ತೋಟದಲ್ಲಿ ಮೂರು ವರ್ಷ ಮೂರು ಬಗೆಯಲ್ಲಿ ಫೋಟೊ ತೆಗೆದು ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಮೊದಲ ವರ್ಷದ ನೋವು ಇನ್ನೂ ಪೂರ್ತಿ ಆರಿಲ್ಲ.

ನಾವಿರುವುದು ಅಮೆರಿಕದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ನಲ್ಲಿ. ಈ ದೇಶದಲ್ಲಿ ಅತಿ ಹೆಚ್ಚು ಕ್ರಿಸ್ಮಸ್ ಮರ ಬೆಳೆಯುವ ರಾಜ್ಯ ಇದೇ. ಥ್ಯಾಂಕ್ಸ್‌ಗಿವಿಂಗ್ ಎಂಬ ನವೆಂಬರ್ ಕೊನೆಯ ಹಬ್ಬ ಮುಗಿದ ಮರುದಿನದಿಂದ ತೋಟಗಳ ಮುಂದೆ ಕಾರುಗಳ ಸಾಲು ನಿಲ್ಲುತ್ತದೆ. ಗರಗಸ ಹಿಡಿದು ಒಳಗೆ ಹೋಗಿ, ಮೆಚ್ಚಿದ ಮರವನ್ನು ನಾವೇ ಕಡಿದು ತರಬಹುದು. ನಮ್ಮದು ದಸರೆಗೆ ಬೊಂಬೆ ಕೂರಿಸುವ ಮನೆ. ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ ಖಾಲಿಯಾಗುವ ಮೂಲೆಗೆ ಮರ ಬರಲಿ ಎಂದು ಮಕ್ಕಳು ಕೇಳಿದರು. ಅಂದಿನಿಂದ ತಪ್ಪದೆ ಹೋಗುತ್ತಿದ್ದೇವೆ.

2021ರ ನವೆಂಬರ್‌ನಲ್ಲಿ, ಕೊರೊನಾದ ನಿರ್ಬಂಧ ತೆಗೆದು ಅಮೆರಿಕ ಭಾರತದ ಪ್ರಯಾಣಿಕರಿಗೆ ಮತ್ತೆ ಬಾಗಿಲು ತೆರೆಯಿತು. ತಿಂಗಳೊಳಗೆ ನಮ್ಮ ಅತ್ತೆ ಮೈಸೂರಿನಿಂದ ಬಂದರು. ಎರಡು ವರ್ಷ ಮೊಮ್ಮಕ್ಕಳನ್ನು ಪರದೆಯಲ್ಲಷ್ಟೇ ನೋಡಿದ್ದವರು. ಈ ಸಲದ ಫೋಟೊ ಚೆನ್ನಾಗಿ ಬರಲೇಬೇಕೆಂದು ನಾನು ಇಪ್ಪತ್ತು ನಿಮಿಷಕ್ಕೆ 275 ಡಾಲರ್ ಕೇಳುವ ಛಾಯಾಗ್ರಾಹಕಿಯೊಬ್ಬರನ್ನು ಗೊತ್ತುಮಾಡಿದೆ. ತಿದ್ದಿದ ಹತ್ತು ಫೋಟೊ ಕೊಡುವುದು ಒಪ್ಪಂದ. ಅವರು ಮಕ್ಕಳನ್ನು ನಗಿಸಿದ ರೀತಿ, ಅತ್ತೆಯ ಕೈಹಿಡಿದು ಕೆಸರು ದಾಟಿಸಿದ ರೀತಿ, ಎಲ್ಲವೂ ಮನಸ್ಸು ತುಂಬುವಂತಿತ್ತು.

ಎರಡು ವಾರದ ನಂತರ ಫೋಟೊ ಬಂದವು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಇದು ನನ್ನ ಸೀರೆಯಲ್ಲ ಕಣಮ್ಮಾ” ಎಂದರು.

ನಿಜವಾಗಿಯೂ ಅಲ್ಲ. ಅವರು ಉಟ್ಟಿದ್ದು ಗಿಳಿಹಸಿರಿನ ಮೈಸೂರು ರೇಷ್ಮೆ. 1912ರಲ್ಲಿ ಶುರುವಾದ ಆ ಕಾರ್ಖಾನೆಯ ಸೀರೆ, ಮಾವನವರು ನಿವೃತ್ತರಾದ ವರ್ಷ ಕೊಡಿಸಿದ್ದು. ಫೋಟೊದಲ್ಲಿ ಅದು ಒಣಗಿದ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಜರಿಯ ಹೊಳಪು ಹೋಗಿ ಹಿತ್ತಾಳೆಯಾಗಿತ್ತು. ಹಣೆಯ ಕುಂಕುಮ ಕಿತ್ತಳೆಯಾಗಿತ್ತು. ಎಣ್ಣೆಗೆಂಪಿನ ನನ್ನ ಮಗಳು ಗೋಧಿ ಹಿಟ್ಟು ಬಳಿದ ಹಾಗಿದ್ದಳು. ಆರು ವರ್ಷದ ಅವಳು “ಅಮ್ಮಾ, ನಾನು ಯಾಕೆ ಬೆಳ್ಳಗಿದ್ದೇನೆ?” ಎಂದು ಕೇಳಿದಾಗ ನನಗೆ ತಡೆಯಲಾಗಲಿಲ್ಲ.

ಹೀಗೇಕಾಯಿತು ಎಂದು ಕೂತು ಓದಿ ತಿಳಿದುಕೊಂಡೆ. ತೋಟ, ಕಾಡುಗಳಲ್ಲಿ ಫೋಟೊ ತೆಗೆಯುವ ಅನೇಕರು ‘ಪ್ರಿಸೆಟ್’ ಎಂಬ ಸಿದ್ಧ ಬಣ್ಣದ ಸೂತ್ರವನ್ನು ಎಲ್ಲ ಫೋಟೊಗಳಿಗೂ ಒಮ್ಮೆಲೇ ಹಾಕುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಸೂತ್ರ ಹಸಿರನ್ನು ಹಳದಿ-ಕಂದಿನ ಕಡೆಗೆ ಸರಿಸಿ, ಅದರ ಗಾಢತೆಯನ್ನು ಇಳಿಸುತ್ತದೆ. ಹಾಗೆ ಮಾಡಿದರೆ ಮರಗಳು ಮಂಕಾಗಿ, ಹಿಂದೆ ಸರಿದಂತೆ ಕಾಣುತ್ತವೆ. ಕೆನೆಬಣ್ಣದ ಸ್ವೆಟರ್ ತೊಟ್ಟ ಬಿಳಿ ಮೈಬಣ್ಣದ ಕುಟುಂಬಕ್ಕೆ ಅದು ಒಪ್ಪುತ್ತದೆ. ಆದರೆ ಸೂತ್ರ ನೋಡುವುದು ಬಣ್ಣವನ್ನು ಮಾತ್ರ. ಮರದ ಹಸಿರು ಯಾವುದು, ಸೀರೆಯ ಹಸಿರು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮುಖ ಬೆಳಗಲಿ ಎಂದು ಕಿತ್ತಳೆಯ ಛಾಯೆಗಳನ್ನು ತಿಳಿಗೊಳಿಸುವುದೂ ಅದೇ ಸೂತ್ರದಲ್ಲಿದೆ. ನಮ್ಮ ಕಂದು ಮೈಬಣ್ಣ ಇರುವುದು ಅದೇ ಛಾಯೆಗಳಲ್ಲಿ.

ಸರಿಮಾಡಿಕೊಡಿ ಎಂದು ಬರೆದೆ. ಛಾಯಾಗ್ರಾಹಕಿ ಸೌಮ್ಯವಾಗಿಯೇ ಉತ್ತರಿಸಿ ಎರಡು ಫೋಟೊ ತಿದ್ದಿ ಕಳುಹಿಸಿದರು. ಸೀರೆಯ ಹಸಿರು ಸ್ವಲ್ಪ ಮರಳಿತು, ಅದರ ಜೊತೆಗೆ ಹಿಂದಿನ ಮರಗಳೂ ಕಣ್ಣಿಗೆ ಹೊಡೆಯುವಷ್ಟು ಹಸಿರಾದವು. ಸೀರೆಯನ್ನಷ್ಟೇ ಬಿಡಿಸಿ ತಿದ್ದಲು ಪ್ರತಿ ಫೋಟೊಗೂ ಬೇರೆ ಶುಲ್ಕ. ತಿದ್ದದ ಮೂಲ ಫೋಟೊ ಕೊಡಿ, ನಾನೇ ಮಾಡಿಕೊಳ್ಳುತ್ತೇನೆ ಎಂದರೆ ಒಪ್ಪಂದದಲ್ಲಿ ಅದಕ್ಕೆ ಅವಕಾಶವಿಲ್ಲ. ಸಹಿ ಹಾಕುವ ಮೊದಲು ನಾನು ಓದಬೇಕಾಗಿದ್ದ ಸಾಲು ಅದು, ನೀವು ಓದಿ.

2022ರಲ್ಲಿ ಅತ್ತೆ ಬರಲಿಲ್ಲ. ನಾವು ನಾಲ್ವರೇ ಮೊಬೈಲ್ ಮತ್ತು ದೂರದಿಂದ ಕ್ಲಿಕ್ಕಿಸುವ ಬ್ಲೂಟೂತ್ ಗುಂಡಿ ಹಿಡಿದು ಹೋದೆವು. ಬಣ್ಣದ ವಿಷಯದಲ್ಲಿ ಮೊಬೈಲ್ ಪ್ರಾಮಾಣಿಕವಾಗಿತ್ತು. ನನ್ನ ಕೆಂಪು ಶಾಲು ಕೆಂಪಾಗಿಯೇ ಬಂತು. ತೊಂದರೆ ಕೊಟ್ಟದ್ದು ಪೋರ್ಟ್ರೇಟ್ ಮೋಡ್. ಹಿನ್ನೆಲೆಯನ್ನು ಲೆಕ್ಕಹಾಕಿ ಮಸುಕುಮಾಡುವ ಈ ವಿಧಾನಕ್ಕೆ ಫರ್ ಮರದ ಸೂಜಿ ಎಲೆಗಳು, ಗಾಳಿಗೆ ಹಾರುವ ಕೂದಲು ಎರಡೂ ಕಷ್ಟ. ಮಗನ ತಲೆಗೂದಲು ಅರ್ಧ ಮಾಯವಾಗಿತ್ತು. ನನ್ನ ಮೊಣಕೈ ಮತ್ತು ಸೊಂಟದ ನಡುವಿನ ಸಂದಿಯಲ್ಲಿ ಮಾತ್ರ ಮರ ಚೂಪಾಗಿ ಕಾಣುತ್ತಿತ್ತು. ಆ ಮೋಡ್ ಬಿಟ್ಟು ತೆಗೆದವು ಮೊಬೈಲಿಗೆ ಸಾಕು, ಗೋಡೆಗೆ ಸಾಲದು. ಮಾಮೂಲಿ ಲೆನ್ಸ್ ಅಗಲವಾದ್ದರಿಂದ ಅಂಚಿನಲ್ಲಿ ನಿಂತವರ ಮುಖ ಹಿಗ್ಗುತ್ತದೆ. ಎರಡು ಪಟ್ಟಿನ ಜೂಮ್ ಬಳಸಿ, ಹಿಂದೆ ಸರಿದು ತೆಗೆಯಿರಿ.

ಕೈಗವಸು ಹಾಕಿದರೆ ಪರದೆ ಕೇಳುವುದಿಲ್ಲ.

2023ರಲ್ಲಿ ಅತ್ತೆ ಮತ್ತೆ ಬಂದರು, ಅದೇ ಸೀರೆ ತಂದರು. ನಾನೇ ತರಲು ಹೇಳಿದ್ದೆ. ಕಪಾಟಿನಲ್ಲಿದ್ದ ನಿಕಾನ್ ಡಿ5600 ಕ್ಯಾಮೆರಾ ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ ಹೊರಬರುತ್ತಿತ್ತು. ಅದಕ್ಕೆ 50 ಮಿಲಿಮೀಟರ್ ಲೆನ್ಸ್ ಹಾಕಿ, 90 ಡಾಲರ್ ಕೊಟ್ಟು ಕೊಂಡ ಟ್ರೈಪಾಡ್ ಹೊತ್ತು ಹೊರಟೆವು. ಈ ಕ್ಯಾಮೆರಾದಲ್ಲಿ ನಿಗದಿತ ಅಂತರದಲ್ಲಿ ತಾನೇ ಕ್ಲಿಕ್ಕಿಸುತ್ತ ಹೋಗುವ ಸೌಕರ್ಯವಿದೆ. ಮೂರು ಸೆಕೆಂಡಿಗೆ ಒಂದರಂತೆ ಅರವತ್ತು ಫೋಟೊ ಎಂದು ಇಟ್ಟರೆ ಮೂರು ನಿಮಿಷ ನಾವು ನಾವಾಗಿರಬಹುದು. ಮಕ್ಕಳು ಮೊದಲ ಹತ್ತು ಕ್ಲಿಕ್ಕಿಗೆ ಕ್ಯಾಮೆರಾ ನೋಡಿದರು, ಆಮೇಲೆ ಮರೆತರು. ಅತ್ತೆ ಮಗಳ ಟೋಪಿ ಸರಿಮಾಡುತ್ತಿರುವ ಫೋಟೊ ಇಪ್ಪತ್ತಮೂರನೆಯದು. ಅದು ಯಾರೂ ನಿಲ್ಲಿಸಿ ತೆಗೆದದ್ದಲ್ಲ.

ಮಾಡುವವರಿಗೆ ಕೆಲವು ವಿವರ. ಒಬ್ಬರನ್ನು ಜಾಗದಲ್ಲಿ ನಿಲ್ಲಿಸಿ ಫೋಕಸ್ ಮಾಡಿ, ಕೂಡಲೇ ಲೆನ್ಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ. ಇಲ್ಲವಾದರೆ ಪ್ರತಿ ಕ್ಲಿಕ್ಕಿಗೂ ಅದು ಹೊಸದಾಗಿ ಹುಡುಕುತ್ತ ಹಿಂದಿನ ಮರವನ್ನು ಹಿಡಿಯುತ್ತದೆ. ಮಕ್ಕಳಿದ್ದರೆ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗಬಾರದು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/4 ಇಟ್ಟರೆ ಎರಡು ಸಾಲಿನಲ್ಲಿ ನಿಂತವರೂ ಸ್ಪಷ್ಟವಾಗಿ ಬರುತ್ತಾರೆ. ಬಣ್ಣದ ಸಮತೋಲ ನೋಡಿಕೊಳ್ಳುವ ವೈಟ್ ಬ್ಯಾಲೆನ್ಸ್ ಅನ್ನು ‘ಮೋಡ’ದ ಆಯ್ಕೆಗೆ ಕಟ್ಟಿಹಾಕಿ, ಆಗ ಅರವತ್ತೂ ಫೋಟೊಗಳ ಬಣ್ಣ ಒಂದೇ ಇರುತ್ತದೆ. ಕಡುಹಸಿರು ಮರಗಳೇ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಕತ್ತಲಿದೆ ಎಂದು ತಪ್ಪಾಗಿ ತಿಳಿದು ಬೆಳಕು ಏರಿಸುತ್ತದೆ, ಜರಿ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಎಂಬ ಬೆಳಕಿನ ಅಳತೆಯನ್ನು 0.7ರಷ್ಟು ಇಳಿಸಿದ ಮೇಲೆ ಜರಿಯ ಎಳೆ ಎಳೆ ಕಂಡವು.

ಜಾಗ ಆರಿಸುವುದು ನಿಮ್ಮ ಕೈಯಲ್ಲೇ ಇರುವುದು ದೊಡ್ಡ ಲಾಭ. ಛಾಯಾಗ್ರಾಹಕಿ ಅಂದು ಪ್ರವೇಶದ ಬಳಿ ಎಲ್ಲರನ್ನೂ ಒಂದೇ ಕಡೆ ನಿಲ್ಲಿಸುತ್ತಿದ್ದರು. ಹಿಂದೆ ದಟ್ಟವಾದ ಡಗ್ಲಸ್ ಫರ್. ನಾವು ಒಳಗೆ ನಡೆದು ನೋಬಲ್ ಫರ್ ಸಾಲಿಗೆ ಹೋದೆವು. ಅದರ ಕೊಂಬೆಗಳ ನಡುವೆ ಅಂತರವಿರುತ್ತದೆ, ಬೆಳಕು ನುಸುಳುತ್ತದೆ, ಎಲೆಗೆ ಬೆಳ್ಳಿನೀಲಿಯ ಛಾಯೆಯಿದೆ. ಅದರ ಮುಂದೆ ಗಿಳಿಹಸಿರು ಹೇಗೆ ಎದ್ದು ಕಂಡಿತೆಂದರೆ, ಕ್ಯಾಮೆರಾದ ಹಿಂದಿನ ಪರದೆಯಲ್ಲೇ ಅತ್ತೆ “ಈಗ ನನ್ನ ಸೀರೆ” ಎಂದರು. ಸಾಲುಗಳ ನಡುವೆ ನೇರ ದಾರಿ ಇರುವುದರಿಂದ ಟ್ರೈಪಾಡನ್ನು ಇಪ್ಪತ್ತೈದು ಅಡಿ ದೂರ ಇಡಲು ಅಡ್ಡಿಯಾಗಲಿಲ್ಲ.

ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಎರಡು ಗಂಟೆಗೆ ತೋಟದಲ್ಲಿರಿ. ಮೋಡವಿದ್ದರೆ ಬೇಸರಪಡಬೇಡಿ, ಮುಖದ ಮೇಲೆ ನೆರಳಿನ ಗೆರೆ ಬೀಳುವುದಿಲ್ಲ. ಸೀರೆಯ ಕೆಳಗೆ ಗಮ್‌ಬೂಟು, ಒಳಗೆ ಥರ್ಮಲ್ ಹಾಕಿಸಿ. ಅತ್ತೆ ಹಾಗೆಯೇ ಒಂದೂವರೆ ಗಂಟೆ ಹಾಯಾಗಿ ಓಡಾಡಿದರು.

ಇದರಲ್ಲಿ ಶ್ರಮವಿದೆ. ಮೂರು ಸಂಜೆ ಕೂತು ಫೋಟೊ ಆರಿಸಿದೆ, ಅರವತ್ತರ ನಾಲ್ಕು ಸುತ್ತಿನಲ್ಲಿ ಉಳಿದದ್ದು ಹದಿನೆಂಟು. ನನಗೆ ಆ ಕೆಲಸ ಇಷ್ಟ, ಕ್ಯಾಮೆರಾ ಮನೆಯಲ್ಲೇ ಇತ್ತು, ಒಂದು ಸಲ ಕೊಂಡ ಟ್ರೈಪಾಡ್ ಪ್ರತಿ ವರ್ಷ ಬರುತ್ತದೆ. ಕ್ಯಾಮೆರಾ ಇಲ್ಲದವರು ಇದಕ್ಕೆಂದೇ ಕೊಳ್ಳಬೇಡಿ. ಟ್ರೈಪಾಡ್‌ಗೆ ಮೊಬೈಲ್ ಸಿಕ್ಕಿಸಿ, ಪೋರ್ಟ್ರೇಟ್ ಮೋಡ್ ಬಿಟ್ಟು ತೆಗೆಯಿರಿ.

ಕೈಗೂಸಿದ್ದು ಯಾವುದಕ್ಕೂ ಬಿಡುವಿಲ್ಲದವರಿಗೆ ಛಾಯಾಗ್ರಾಹಕರೇ ಅನುಕೂಲವಾಗಬಹುದು. ಹಾಗಾದರೆ ಮುಂಗಡ ಕೊಡುವ ಮೊದಲು ಅವರು ತೆಗೆದ ಫೋಟೊಗಳಲ್ಲಿ ನಮ್ಮಂಥ ಮೈಬಣ್ಣದವರು, ಗಾಢ ಬಣ್ಣದ ಬಟ್ಟೆ ತೊಟ್ಟವರು ಹೇಗೆ ಬಂದಿದ್ದಾರೆ ಎಂದು ಕೇಳಿ ನೋಡಿ. ಉಡುವ ಸೀರೆಯ ಚಿತ್ರವನ್ನು ಮೊದಲೇ ಕಳುಹಿಸಿ, ಈ ಬಣ್ಣ ಹೀಗೆಯೇ ಬರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.